ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬೀದಿಯಲ್ಲಿ ಆಡುವ ಮಕ್ಕಳ ಫೋಟೋ ತೆಗೆಯುವ ಬಗ್ಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಂಗಳೂರಿನ ಹನುಮಂತನಗರದ ಕಡೆಯವನು. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಕ್ಯಾಮೆರಾ. ನ್ಯೂಯಾರ್ಕಿನ ಹೆಲೆನ್ ಲೆವಿಟ್ ಅವರ ಹಳೆಯ ಫೋಟೋಗಳನ್ನು ನೋಡಿದ ಮೇಲೆ ನಮ್ಮ ಏರಿಯಾದ ಮಕ್ಕಳು ಬೀದಿಯಲ್ಲಿ ಆಡುವುದನ್ನು ಹಾಗೆ ತೆಗೆಯಬೇಕು ಅನ್ನಿಸಿತು. ಮೂರು ವಾರ ಪ್ರಯತ್ನಿಸಿದೆ. ಕ್ಯಾಮೆರಾ ಎತ್ತಿದ ಕೂಡಲೇ ಮಕ್ಕಳು ಆಟ ಬಿಟ್ಟು ಎರಡು ಬೆರಳು ತೋರಿಸಿ ನಿಲ್ಲುತ್ತಾರೆ. ದೂರದಿಂದ ತೆಗೆದರೆ ಸಪ್ಪೆ. ಹೋದ ವಾರ ಒಬ್ಬ ಆಂಟಿ ‘ಯಾಕಪ್ಪಾ ಮಕ್ಕಳ ಫೋಟೋ ತೆಗೀತಿದೀಯ?’ ಅಂತ ಗದರಿದರು. ಲೆವಿಟ್ ಅದು ಹೇಗೆ ತೆಗೆದರು? ಪರ್ಮಿಷನ್ ಕೇಳಿದರೆ ಸಹಜತೆ ಹೋಗುವುದಿಲ್ಲವೇ? ಕಾನೂನು ಏನು ಹೇಳುತ್ತದೆ? ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ಕೊಂಡರೆ ಅನುಕೂಲ ಆಗುತ್ತದಾ?

ಉತ್ತರ: ಆ ಆಂಟಿಯ ಪ್ರಶ್ನೆಯಿಂದಲೇ ಶುರು ಮಾಡೋಣ. ನೀವು ಅವರಿಗೆ ಏನು ಹೇಳಿದಿರಿ ಅಂತ ಬರೆದಿಲ್ಲ. ಬಹುಶಃ ‘ಸುಮ್ನೆ ಆಂಟಿ, ಹಾಬಿ’ ಅಂದಿರಬೇಕು. ಆ ಉತ್ತರ ಅವರಿಗೂ ಸಾಲದು, ನಿಮ್ಮ ಫೋಟೋಗೂ ಸಾಲದು. ಗುರುತಿಲ್ಲದ ಗಂಡಸು ಕ್ಯಾಮೆರಾ ಹಿಡಿದು ಮಕ್ಕಳ ಸುತ್ತ ಸುಳಿದಾಡಿದರೆ ಯಾರಾದರೂ ಕೇಳಲೇಬೇಕು. ಹಾಗೆ ಕೇಳುವ ಆಂಟಿ ಇದ್ದಾರೆ ಅನ್ನೋ ಧೈರ್ಯಕ್ಕೇ ಆ ಬೀದಿಯಲ್ಲಿ ಮಕ್ಕಳನ್ನು ಹೊರಗೆ ಬಿಟ್ಟಿರುತ್ತಾರೆ. ಅವರ ಮೇಲೆ ಬೇಜಾರು ಬೇಡ. ಮುಂದೆ ಅವರೇ ನಿಮಗೆ ಬೇಕಾಗುತ್ತಾರೆ.

ಈಗ ಲೆವಿಟ್. ಅವರ ವಿಷಯ ಬಂದಾಗ ಎಲ್ಲರೂ ಮೊದಲು ಹೇಳುವುದು ಒಂದು ಉಪಾಯದ ಕಥೆ. ತಮ್ಮ ಲೈಕಾ ಕ್ಯಾಮೆರಾದ ತಲೆಗೆ ಅವರು ಪಕ್ಕಕ್ಕೆ ನೋಡುವ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಸಿಕ್ಕಿಸುತ್ತಿದ್ದರು. ನೋಡುವವರಿಗೆ ಈಕೆ ಎದುರಿನ ಗೋಡೆಯನ್ನೋ ಅಂಗಡಿಯನ್ನೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಲೆನ್ಸ್ ಮಾತ್ರ ಪಕ್ಕದ ಮೆಟ್ಟಿಲ ಮೇಲಿನವರ ಕಡೆ ತಿರುಗಿರುತ್ತಿತ್ತು. ಕಥೆ ನಿಜ. ಆದರೆ ಆ ಒಂದು ವಸ್ತುವಿನಿಂದಲೇ ಆ ಫೋಟೋಗಳು ಬಂದವು ಅಂದುಕೊಂಡರೆ ದಾರಿ ತಪ್ಪುತ್ತೀರಿ. ಇವತ್ತಿನ ಕ್ಯಾಮೆರಾಗಳಲ್ಲಿ ಪರದೆಯನ್ನು ಬೇಕಾದ ಕಡೆ ಮಡಚಬಹುದು, ಶಬ್ದವೇ ಇಲ್ಲದೆ ಕ್ಲಿಕ್ ಮಾಡಬಹುದು. ಲೆವಿಟ್‌ಗಿಂತ ಕದ್ದು ತೆಗೆಯುವ ಅನುಕೂಲ ನಮಗೇ ಜಾಸ್ತಿ. ಫೋಟೋ ಮಾತ್ರ ಬರ್ತಾ ಇಲ್ಲ, ಅಲ್ವಾ?

ಆಕೆ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಬ್ರಾಂಕ್ಸ್‌ನ ಒಬ್ಬ ಸ್ಟುಡಿಯೊ ಫೋಟೋಗ್ರಾಫರ್ ಬಳಿ ಕೆಲಸಕ್ಕೆ ಸೇರಿದರು. 1936ರಲ್ಲಿ ಸೆಕೆಂಡ್ ಹ್ಯಾಂಡ್ ಲೈಕಾ ಕೊಂಡರು. ಮರುವರ್ಷ ಸರ್ಕಾರದ ಕಲಾ ಯೋಜನೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುವ ಕೆಲಸ ಸಿಕ್ಕಿತು. ಆಗ ಅವರ ಕಣ್ಣಿಗೆ ಬಿದ್ದದ್ದು ಬೀದಿಯ ಮೇಲೆ, ಗೋಡೆಯ ಮೇಲೆ ಮಕ್ಕಳು ಸೀಮೆಸುಣ್ಣದಲ್ಲಿ ಬರೆದ ಚಿತ್ರಗಳು. ಕುದುರೆ, ಕಳ್ಳ, ಮದುವೆ ಹೆಣ್ಣು, ಯಾರಿಗೋ ಬೈಗುಳ. 1938ರಿಂದ 1948ರವರೆಗೆ ತೆಗೆದ ಆ ಸೀಮೆಸುಣ್ಣದ ಫೋಟೋಗಳೇ ಮುಂದೆ 1987ರಲ್ಲಿ ಒಂದು ಪುಸ್ತಕವಾದವು. ಮಕ್ಕಳು ಮುದ್ದಾಗಿದ್ದಾರೆ ಅಂತ ಅವರು ಬೀದಿಗೆ ಇಳಿದವರಲ್ಲ. ಮಕ್ಕಳು ಏನು ಮಾಡುತ್ತಿದ್ದಾರೆ ಅನ್ನುವುದರ ಮೇಲೆ ಅವರಿಗೆ ಆಸೆ ಹುಟ್ಟಿತ್ತು.

ಅವರ ಒಡೆದ ಕನ್ನಡಿಯ ಫೋಟೋ ನೀವು ನೋಡಿರುತ್ತೀರಿ. ಸುಮಾರು 1940ರದ್ದು. ಇಬ್ಬರು ಹುಡುಗರು ದೊಡ್ಡ ಕನ್ನಡಿಯ ಖಾಲಿ ಚೌಕಟ್ಟನ್ನು ನೆಟ್ಟಗೆ ಹಿಡಿದಿದ್ದಾರೆ. ಗಾಜು ರಸ್ತೆ ಬದಿಗೆ ಬಿದ್ದಿದೆ. ಬೇರೆ ಹುಡುಗರು ಬಗ್ಗಿ ಚೂರು ಆರಿಸುತ್ತಿದ್ದಾರೆ. ಚೌಕಟ್ಟಿನ ಒಳಗಿಂದ ಸಣ್ಣ ಸೈಕಲ್ ಮೇಲಿನ ಒಬ್ಬ ಪೋರ ಕಾಣುತ್ತಾನೆ. ಹಿಂದೆ ಅಂಗಡಿ, ಓಡಾಡುವ ದೊಡ್ಡವರು. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಲೆವಿಟ್ ಬಚ್ಚಿಟ್ಟುಕೊಂಡಿದ್ದರು ಅಂತ ಹೀಗಾಗಿರಬಹುದು. ನನಗೆ ಅನ್ನಿಸುವುದೇ ಬೇರೆ. ಒಡೆದ ಕನ್ನಡಿ ಮುಂದಿರುವಾಗ ಯಾವ ಹುಡುಗ ಫೋಟೋಗ್ರಾಫರ್ ಕಡೆ ನೋಡುತ್ತಾನೆ? ಆಟ ಜೋರಾಗಿದ್ದರೆ ನೀವು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮಲ್ಲಿ ಇದಕ್ಕೊಂದು ಚಂದದ ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಕ್ಕನ ಜೊತೆ ಬಂದ ನಾಲ್ಕು ವರ್ಷದ ಚಿಳ್ಳೆಯನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಮುಟ್ಟಿದರೂ ಔಟಿಲ್ಲ, ಓಡಿದರೂ ರನ್ ಇಲ್ಲ. ಅದರ ಪಾಡಿಗೆ ಅದು ಮಧ್ಯದಲ್ಲಿ ಓಡಾಡಿಕೊಂಡಿರುತ್ತದೆ. ಬೀದಿ ಮಕ್ಕಳ ಫೋಟೋ ತೆಗೆಯುವವನಿಗೆ ಸಿಗಬೇಕಾದ ಜಾಗ ಅದು. ನೀವೀಗ ಎರಡು ತುದಿಯಲ್ಲಿ ಓಡಾಡುತ್ತಿದ್ದೀರಿ. ಹತ್ತಿರ ಹೋದರೆ ಮುಖ್ಯ ಅತಿಥಿ, ದೂರ ನಿಂತರೆ ಪತ್ತೇದಾರ.

ಆ ಜಾಗ ಪುಕ್ಕಟೆ ಸಿಗುವುದಿಲ್ಲ, ದಿನಗಳು ಬೇಕು. ಲಂಡನ್ನಿನ ರೋಜರ್ ಮೇನ್ ಅನ್ನುವವರು ಆಕ್ಸ್‌ಫರ್ಡ್‌ನಲ್ಲಿ ಕೆಮಿಸ್ಟ್ರಿ ಓದಿ ಕ್ಯಾಮೆರಾ ಹಿಡಿದವರು. ಉತ್ತರ ಕೆನ್ಸಿಂಗ್ಟನ್‌ನ ಸೌದಮ್ ಸ್ಟ್ರೀಟ್ ಎಂಬ ಒಂದೇ ಒಂದು ಬಡ ಬೀದಿಗೆ 1956ರಿಂದ 1961ರವರೆಗೆ ಮತ್ತೆ ಮತ್ತೆ ಹೋದರು. ಐದು ವರ್ಷ. ಸುಮಾರು 1,400 ನೆಗೆಟಿವ್. ಫುಟ್‌ಬಾಲ್ ಆಡುವ ಹುಡುಗರು, ಹಗ್ಗ ಕಟ್ಟಿಕೊಂಡು ಜೋಕಾಲಿ ಆಡುವವರು, ಜಗಳ, ಕಿರುಚಾಟ. ಅವರ ಫೋಟೋಗಳಲ್ಲಿ ಕೆಲವು ಮಕ್ಕಳು ನೇರ ಕ್ಯಾಮೆರಾ ನೋಡುತ್ತಾರೆ, ಹಲ್ಲು ಕಿಸಿಯುತ್ತಾರೆ, ಅವು ಕೂಡ ಚೆನ್ನಾಗಿಯೇ ಇವೆ. ಆಮೇಲೆ ಆ ಬೀದಿಯ ಬಹುಪಾಲನ್ನು ಕೆಡವಿದರು. ಅಲ್ಲೀಗ ಟ್ರೆಲಿಕ್ ಟವರ್ ಎಂಬ ಎತ್ತರದ ಕಟ್ಟಡ ನಿಂತಿದೆ. ಕೆಡವುವ ಮೊದಲು ಅಲ್ಲಿನ ಮಕ್ಕಳು ಹೇಗೆ ಆಡುತ್ತಿದ್ದರು ಅಂತ ನೋಡಬೇಕಾದರೆ ಈಗ ಆ ನೆಗೆಟಿವ್‌ಗಳೇ ಗತಿ.

ನೀವು ಮೂರು ವಾರದಲ್ಲಿ ಎಷ್ಟು ಬೀದಿ ಸುತ್ತಿದಿರಿ? ಹತ್ತು? ಬೇಡ. ಒಂದು ಕ್ರಾಸ್ ಆರಿಸಿಕೊಳ್ಳಿ. ನಿಮ್ಮ ಮನೆಗೆ ಹತ್ತಿರದ್ದಾದರೆ ಒಳ್ಳೆಯದು. ಮೊದಲ ಎರಡು ವಾರ ಕ್ಯಾಮೆರಾ ಚೀಲದಿಂದ ಆಚೆ ಬಾರದೇ ಇದ್ದರೂ ನಷ್ಟವಿಲ್ಲ. ಮೂಲೆಯ ಅಂಗಡಿಯಲ್ಲಿ ಟೀ ಕುಡಿಯಿರಿ. ಇಸ್ತ್ರಿ ಅಂಗಡಿಯವರಿಗೆ ನಿಮ್ಮ ಹೆಸರು, ಮನೆ ಎಲ್ಲಿ ಅನ್ನೋದು ಗೊತ್ತಿರಲಿ. ಸಂಜೆ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಅಜ್ಜಿ ಇದ್ದರೆ ಮೊದಲು ಅವರನ್ನು ಮಾತಾಡಿಸಿ. ಇಡೀ ಬೀದಿಗೆ ವೀಸಾ ಕೊಡುವವರು ಅವರು. ಲೆವಿಟ್ ಫೋಟೋಗಳನ್ನು ಇನ್ನೊಮ್ಮೆ ನೋಡಿ. ಮಕ್ಕಳ ಹಿಂದೆ ಮೆಟ್ಟಿಲ ಮೇಲೆ, ಕಿಟಕಿಯಲ್ಲಿ ಎಷ್ಟು ದೊಡ್ಡವರಿದ್ದಾರೆ! ಸೆಕೆಗೆ ಮನೆಯೊಳಗೆ ಕೂರಲಾಗದೆ ಇಡೀ ಸಂಸಾರ ಹೊರಗೆ ಬಂದು ಕೂತಿರುತ್ತಿತ್ತು. ಮಕ್ಕಳು ನೋಡದಿದ್ದರೂ ಆ ಕಣ್ಣುಗಳಿಗೆ ಲೆವಿಟ್ ಕಾಣುತ್ತಲೇ ಇದ್ದರು.

ಪರ್ಮಿಷನ್ ಕೇಳಿದರೆ ಸಹಜತೆ ಹೋಗುತ್ತದಾ ಅಂತ ಕೇಳಿದ್ದೀರಿ. ಹೋಗುತ್ತದೆ, ಹತ್ತು ನಿಮಿಷಕ್ಕೆ. ಆ ಹತ್ತು ನಿಮಿಷ ಪೋಸ್ ಫೋಟೋಗೇ ಇಡಿ. ಎರಡು ಬೆರಳು, ನಾಲಿಗೆ, ಸ್ಟಂಟು, ಎಲ್ಲ ತೆಗೆಯಿರಿ. ಪರದೆಯ ಮೇಲೆ ತೋರಿಸಿ. ‘ಲೋ, ನಿನ್ ಮುಖ ನೋಡೋ’ ಅಂತ ನಗುತ್ತಾರೆ. ಆಮೇಲೆ ಅವರಿಗೆ ನೀವು ಬೋರ್ ಆಗುತ್ತೀರಿ. ಯಾರೋ ‘ಬ್ಯಾಟಿಂಗ್ ಯಾರ್ದೋ?’ ಅಂತ ಕೂಗುತ್ತಾನೆ. ಅಲ್ಲಿಂದ ನಿಮ್ಮ ಕೆಲಸ ಶುರು. ನೀವು ಕ್ಯಾಮೆರಾ ಎತ್ತಿ, ಪೋಸ್ ನೋಡಿ ಬೇಜಾರಾಗಿ ವಾಪಸ್ ಹೋಗುತ್ತಿದ್ದೀರಿ ಅಂತ ನನ್ನ ಗುಮಾನಿ. ಹನ್ನೊಂದನೇ ನಿಮಿಷಕ್ಕೆ ನೀವು ಅಲ್ಲಿರುವುದೇ ಇಲ್ಲ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳಿಗೆ ಚಾಕೊಲೇಟ್ ಕೊಡಬೇಡಿ. ಫೋಟೋ ತೆಗೆಯುವ ಮೊದಲೂ ಬೇಡ, ಆಮೇಲೂ ಬೇಡ. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್‌ಆ್ಯಪ್ ವದಂತಿ ಕರ್ನಾಟಕದಲ್ಲೂ ಹರಡಿತು. ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲೇ ಒಬ್ಬ ಅಮಾಯಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನ ಮೇಲೆ ಅನುಮಾನ ಬಿತ್ತು. ಮುರ್ಕಿ ಎಂಬ ಊರಿನ ಬಳಿ ಅವರ ಕಾರನ್ನು ತಡೆದು ಹೊಡೆದರು. ಹೈದರಾಬಾದಿನ ಒಬ್ಬ ಯುವಕ, ನಿಮ್ಮ ಹಾಗೆ ಸಾಫ್ಟ್‌ವೇರ್ ಕೆಲಸದವನು, ಸತ್ತುಹೋದ. ಹೆದರಿಸಲು ಹೇಳುತ್ತಿಲ್ಲ. ಹನುಮಂತನಗರದ ಆಂಟಿ ಗದರಿದಾಗ ಅವರ ತಲೆಯಲ್ಲಿ ಏನು ಓಡುತ್ತಿತ್ತು ಅನ್ನುವುದು ನಿಮಗೆ ಗೊತ್ತಿರಲಿ.

ಇನ್ನು ಫೋಟೋ ಸಪ್ಪೆಯಾಗುವ ವಿಷಯ. ನೀವು ಕಳಿಸಿದ ಆರು ಫೋಟೋ ನೋಡಿದೆ. ಆರರಲ್ಲೂ ಮಕ್ಕಳಿದ್ದಾರೆ, ಆಟ ಇಲ್ಲ. ಲಗೋರಿ ಆಡುತ್ತಿದ್ದಾರೆ ಅಂತ ನೀವು ಬರೆದಿದ್ದರಿಂದ ನನಗೆ ಗೊತ್ತಾಯಿತು.

ಬ್ರೂಕ್ಲಿನ್‌ನವರೇ ಆದ ಆರ್ಥರ್ ಲೈಪ್‌ಜಿಗ್ ಅಂತ ಇನ್ನೊಬ್ಬ ಫೋಟೋಗ್ರಾಫರ್ ಇದ್ದರು. ಬ್ರೂಗೆಲ್ ಎಂಬ ಫ್ಲೆಮಿಶ್ ಚಿತ್ರಕಾರ 1560ರಲ್ಲಿ ಬರೆದ ದೊಡ್ಡ ಚಿತ್ರವೊಂದಿದೆ. ಅದರಲ್ಲಿ ಒಂದು ಊರಿನ ಚೌಕದ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು ಎಂಬತ್ತರಷ್ಟು ಆಟ ಆಡುತ್ತಿದ್ದಾರೆ. ಲೈಪ್‌ಜಿಗ್ ಅದನ್ನು ನೋಡಿದರು. ಅವುಗಳಲ್ಲಿ ಎಷ್ಟೋ ಆಟಗಳು ನ್ಯೂಯಾರ್ಕಿನ ಬೀದಿಗಳಲ್ಲಿ ಇನ್ನೂ ಇದ್ದವು. 1943ರಲ್ಲಿ ಅವುಗಳ ಹಿಂದೆ ಬಿದ್ದರು. ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪ್ಲೇಸ್‌ನಲ್ಲಿ 1950ರಲ್ಲಿ ತೆಗೆದ ಒಂದು ಫೋಟೋದಲ್ಲಿ ಡಾಂಬರು ರಸ್ತೆಯೇ ಸ್ಲೇಟು. ಅದರ ತುಂಬ ಸೀಮೆಸುಣ್ಣದ ಗೆರೆ, ಬಗ್ಗಿ ಕೂತ ಮಕ್ಕಳು. ಎತ್ತರದಿಂದ ತೆಗೆದಿದ್ದಾರೆ. ನೆಲದ ಮಟ್ಟದಲ್ಲಿ ನಿಂತಿದ್ದರೆ ಮಕ್ಕಳ ಬೆನ್ನು ಕಾಣುತ್ತಿತ್ತೇ ಹೊರತು ಗೆರೆ ಕಾಣುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆಟವೇ ಹೇಳುತ್ತದೆ ಅಂದರೆ ಇದು.

ಲಗೋರಿಯನ್ನೇ ತೆಗೆದುಕೊಳ್ಳಿ. ಕಲ್ಲು ಬೀಳುವ ಕ್ಷಣಕ್ಕೆ ಎಲ್ಲರೂ ಕ್ಲಿಕ್ ಮಾಡುತ್ತಾರೆ. ಅದು ಅಷ್ಟೇನೂ ಅಲ್ಲ. ಆಮೇಲೆ ಬೆನ್ನು ಕೊಟ್ಟು ಕೂತು ಏಳು ಕಲ್ಲು ಪೇರಿಸುವವಳ ಮುಖ ನೋಡಿ. ಯಾವ ಕ್ಷಣದಲ್ಲಾದರೂ ಬೆನ್ನಿಗೆ ಚೆಂಡು ಬೀಳಬಹುದು. ಕೈ ಕಲ್ಲಿನ ಮೇಲೆ, ಕಿವಿ ಹಿಂದೆ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರೆ ಕಲ್ಲು, ಮುಖ, ಹಿಂದೆ ಚೆಂಡೆತ್ತಿದ ಕೈ, ಮೂರೂ ಒಂದೇ ಫ್ರೇಮಿಗೆ ಸಿಗುತ್ತವೆ. ಆ ಆಟ ಗೊತ್ತಿಲ್ಲದವನಿಗೆ ಅಲ್ಲಿ ಹೋಗಿ ಕೂರಬೇಕು ಅಂತಲೇ ಹೊಳೆಯುವುದಿಲ್ಲ. ಕುಂಟೆಬಿಲ್ಲೆಯಾದರೆ ಮಹಡಿ ಹತ್ತಿ. ಬುಗುರಿಯಾದರೆ ನೆಲಕ್ಕೆ ಅಂಟಿಕೊಳ್ಳಿ. ಗೋಲಿಯಲ್ಲಿ ಗೋಲಿಗಿಂತ ಸುತ್ತ ಬಗ್ಗಿ ನಿಂತವರ ಮುಖ ಮುಖ್ಯ.

ಗಲ್ಲಿ ಕ್ರಿಕೆಟ್ ಬಗ್ಗೆ ಎರಡು ಮಾತು, ಯಾಕೆಂದರೆ ನಿಮಗೆ ಹೆಚ್ಚು ಸಿಗುವುದು ಅದೇ. ಬ್ಯಾಟ್ಸ್‌ಮನ್ ಬಿಟ್ಟುಬಿಡಿ, ಟಿವಿಯಲ್ಲಿ ಬೇಕಾದಷ್ಟಿದೆ. ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಲ್ಲೋ ಇಟ್ಟಿಗೆ ಚೂರಿನಲ್ಲೋ ಗೀಚಿದ ಮೂರು ಸ್ಟಂಪು ನೋಡಿ. ಗೆರೆಗೆ ತಗುಲಿತೋ ಇಲ್ಲವೋ ಅನ್ನುವ ಜಗಳ ನೋಡಿ. ಚೆಂಡು ಒಳಗೆ ಹೋದ ಮನೆಯ ಬೆಲ್ ಒತ್ತಲು ಯಾರು ಹೋಗಬೇಕು ಅಂತ ತಳ್ಳಾಡುವುದನ್ನು ನೋಡಿ. ಈಗಿನ ಬೆಂಗಳೂರಿನದೇ ಆದ ಒಂದು ದೃಶ್ಯ ಇದೆ: ನಿಲ್ಲಿಸಿದ ಕಾರಿನ ಕೆಳಗೆ ಚೆಂಡು ಸಿಕ್ಕಿ, ಒಬ್ಬ ರಸ್ತೆಯ ಮೇಲೆ ಬೋರಲು ಮಲಗಿ ಬ್ಯಾಟಿನಿಂದ ಅದನ್ನು ಎಳೆಯುತ್ತಿರುತ್ತಾನೆ. ಉಳಿದವರು ಬೈಯುತ್ತಾ ಮೇಲೆ ನಿಂತಿರುತ್ತಾರೆ. ನಿಮ್ಮ ಫೋಟೋಗಳಲ್ಲಿ ಸ್ಕೂಟರು, ಕಾರು ಕಾಣದಂತೆ ಕಷ್ಟಪಟ್ಟು ಕತ್ತರಿಸಿದ್ದೀರಿ. ಅವು ಇರಲಿ. ಎರಡು ಕಾರಿನ ನಡುವೆ ಪಿಚ್ ಹುಡುಕುವುದೇ ಇವತ್ತಿನ ಆಟ. ಲೆವಿಟ್ ತಮ್ಮ ಕಾಲದ ಬೀದಿಯನ್ನು ತೆಗೆದರು, ನೀವು 1940ನ್ನು ಬಸವನಗುಡಿಯಲ್ಲಿ ಹುಡುಕಬೇಡಿ.

ಅಂದ ಹಾಗೆ ಲೆವಿಟ್‌ಗೇ ಆ ಬೀದಿ ಮತ್ತೆ ಸಿಗಲಿಲ್ಲ. 1959 ಮತ್ತು 1960ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಧನಸಹಾಯ ಪಡೆದು ಕಲರ್‌ನಲ್ಲಿ ತೆಗೆದರು. 1970ರಲ್ಲಿ ಮನೆಗೆ ಕಳ್ಳ ನುಗ್ಗಿ ಅವುಗಳಲ್ಲಿ ಬಹುಪಾಲನ್ನು ಹೊತ್ತುಕೊಂಡು ಹೋದ. (ಬ್ಯಾಕಪ್ ಇಟ್ಟುಕೊಳ್ಳಿ ಅಂತ ನಾನು ಬೇರೆ ಹೇಳಬೇಕಿಲ್ಲ.) ಮತ್ತೆ ಬೀದಿಗೆ ಇಳಿದು ತೆಗೆದರು, ಸೊಗಸಾಗಿಯೂ ತೆಗೆದರು. ಆದರೆ ವಯಸ್ಸಾದ ಮೇಲೆ ಸಂದರ್ಶನದಲ್ಲಿ ಮಕ್ಕಳು ಹೊರಗಿಲ್ಲ, ಬೀದಿ ಖಾಲಿ, ಎಲ್ಲರೂ ಒಳಗೆ ಟಿವಿ ನೋಡುತ್ತಾರೆ ಅನ್ನುವ ಅರ್ಥದಲ್ಲಿ ಹೇಳಿಕೊಂಡರು. ಅವರು ತೀರಿಕೊಂಡದ್ದು 2009ರಲ್ಲಿ.

ಅದೇ ವರ್ಷ ನಮ್ಮ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ ಕೂಡ ಹೋದರು. ಮೈಸೂರಿನವರು. ನೀವು ಪತ್ರದಲ್ಲಿ ಅವರ ಹೆಸರು ಎತ್ತಿಲ್ಲ, ನನಗೆ ಸ್ವಲ್ಪ ಬೇಸರವಾಯಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಫೋಟೋಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಒಮ್ಮೆ ಹುಡುಕಿ ನೋಡಿ. ಅವರ ಮಕ್ಕಳು ಪಾಪದವರಾಗಿ ಕಾಣುವುದಿಲ್ಲ, ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ.

ಪಾಪ ಅನ್ನುವ ಮಾತಿಗೆ ನನ್ನದೇ ಒಂದು ಪೆಟ್ಟಿನ ಕಥೆ ಇದೆ. ಪತ್ರಿಕೆಯೊಂದಕ್ಕೆ ಫೋಟೋ ತೆಗೆಯುತ್ತಿದ್ದ ಕಾಲ. ಹಳೆ ಟೈರು ಓಡಿಸಿಕೊಂಡು ಹೋಗುತ್ತಿದ್ದ ಹುಡುಗನೊಬ್ಬನನ್ನು ತೆಗೆದೆ. ಅಂಗಿ ಹರಿದಿತ್ತು, ಬಾಯ್ತುಂಬ ನಗು. ‘ಬಡತನದಲ್ಲೂ ಬತ್ತದ ನಗು’ ಅಂತ ಅಡಿಬರಹ ಹಾಕಿದರು. ನನಗೂ ಖುಷಿಯಾಗಿತ್ತು. ಮಾರನೇ ದಿನ ಹುಡುಗನ ಅಪ್ಪ ಆಫೀಸಿಗೆ ಬಂದರು. ಕೂಗಾಡಲಿಲ್ಲ. ‘ನಾನು ಟೈಲರ್ ಸ್ವಾಮಿ. ಆಡೋಕೆ ಹೋಗುವಾಗ ಹಳೇ ಅಂಗಿ ಹಾಕ್ಕೊಂಡ್ ಹೋಗು ಅಂತ ಅವರಮ್ಮ ಹೇಳಿರ್ತಾಳೆ. ನನ್ನ ಮಗನಿಗೆ ಬಟ್ಟೆ ಇಲ್ಲ ಅಂತ ಊರಿಗೆಲ್ಲ ಹೇಳಿಬಿಟ್ರಲ್ಲ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಆ ಹುಡುಗನ ಹೆಸರು ಕೇಳಿರಲಿಲ್ಲ, ಮನೆ ಎಲ್ಲಿ ಅಂತ ಕೇಳಿರಲಿಲ್ಲ. ಟೈರನ್ನು ಕೋಲಿನಿಂದ ಹೊಡೆಯುತ್ತಿದ್ದನೋ ಕೈಯಿಂದಲೋ ಅನ್ನುವುದೂ ನೆನಪಿರಲಿಲ್ಲ. ಅಂಗಿಯ ತೂತು ಮಾತ್ರ ನೋಡಿದ್ದೆ.

ಕಾನೂನಿಗೆ ಬರೋಣ. ನಾನು ವಕೀಲನಲ್ಲ, ಇಷ್ಟು ತಿಳಿದಿರಲಿ. ಎಲ್ಲರೂ ಓಡಾಡುವ ರಸ್ತೆಯಲ್ಲಿ ಸುಮ್ಮನೆ ಫೋಟೋ ತೆಗೆಯುವುದನ್ನೇ ತಪ್ಪು ಅನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ತೆಗೆದದ್ದನ್ನು ಎಲ್ಲಿ, ಹೇಗೆ ಹಾಕುತ್ತೀರಿ ಅನ್ನುವಲ್ಲಿ ತೊಡಕು ಬರುತ್ತದೆ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಗೆ ಬರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕಾನೂನಿನ ಸಂಘರ್ಷಕ್ಕೆ ಸಿಕ್ಕ (ಅಪರಾಧದ ಆರೋಪ ಹೊತ್ತ) ಮಕ್ಕಳಿಗೂ ಆರೈಕೆ, ರಕ್ಷಣೆ ಬೇಕಾದ ಮಕ್ಕಳಿಗೂ ಅದೇ ರಕ್ಷಣೆ ಕೊಡುತ್ತದೆ. ಹಾಗಾಗಿ ಬಾಲಮಂದಿರದ ಅಂಗಳದಲ್ಲಿ ಎಷ್ಟೇ ಚೆನ್ನಾಗಿ ಆಟ ನಡೆದಿದ್ದರೂ ಕ್ಯಾಮೆರಾ ಒಳಗಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ನಿಮ್ಮ ಮನೆಯ ಆಲ್ಬಂಗೆ ಅದು ತಗುಲುವುದಿಲ್ಲ. ಪ್ರದರ್ಶನ, ಸ್ಪರ್ಧೆ, ಮಾರಾಟ, ಯಾವುದೇ ಸಂಸ್ಥೆಗೆ ಕೊಡುವುದು ಅಂತಾದರೆ ಅಪ್ಪ ಅಮ್ಮನ ಸಹಿ ಇರುವ ಒಂದು ಚೀಟಿ ಕೈಯಲ್ಲಿರಲಿ. ಕನ್ನಡದಲ್ಲೇ ಬರೆಸಿ, ಓದಿ ಹೇಳಿ.

ಕಾನೂನಿಗಿಂತ ನನಗೆ ಜಾಸ್ತಿ ಕಾಡುವುದು ಬೇರೆ. ಲೆವಿಟ್ ತೆಗೆದ ಮಕ್ಕಳ ಫೋಟೋಗಳು 1943ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನ ಗೋಡೆಗೆ ಏರಿದವು. ಅಲ್ಲಿಗೆ ಬಂದು ನೋಡಿದವರು ನೋಡಿದರು. ನಿಮ್ಮ ಫೋಟೋ ರಾತ್ರಿ ಎಂಟಕ್ಕೆ ಇನ್‌ಸ್ಟಾಗ್ರಾಂಗೆ ಹೋದರೆ ಒಂಬತ್ತಕ್ಕೆ ಎಲ್ಲಿರುತ್ತದೋ ಹೇಳಲಾಗದು. ಮುಖ, ಬೀದಿಯ ಹೆಸರು, ಸಂಜೆ ಐದು ಗಂಟೆ, ಈ ಮೂರನ್ನೂ ಒಟ್ಟಿಗೆ ಯಾವತ್ತೂ ಹಾಕಬೇಡಿ. ಸ್ಕೂಲ್ ಯೂನಿಫಾರಂ, ಬ್ಯಾಡ್ಜ್ ಇದ್ದರೆ ಬೇಡವೇ ಬೇಡ. ಲೊಕೇಶನ್ ಆಫ್ ಮಾಡಿ. ಒಂದೆರಡು ತಿಂಗಳು ತಡವಾಗಿ ಹಾಕಿದರೆ ಏನೂ ಮುಳುಗುವುದಿಲ್ಲ. ಯಾರಾದರೂ ಅಳಿಸಿ ಅಂದರೆ ಅವರ ಕಣ್ಣೆದುರೇ ಅಳಿಸಿ. ವಾದ ಮಾಡಿ ಉಳಿಸಿಕೊಂಡ ಫೋಟೋ ಇಟ್ಟುಕೊಂಡು ಮರುದಿನ ಅದೇ ಬೀದಿಗೆ ಯಾವ ಮುಖದಲ್ಲಿ ಹೋಗುತ್ತೀರಿ?

ಮೊದಲ ತಿಂಗಳು ಮುಖವೇ ಇಲ್ಲದ ಫೋಟೋ ತೆಗೆದು ನೋಡಿ. ಕುಂಟೆಬಿಲ್ಲೆಯ ಚೌಕ, ಗೋಡೆಯ ಸ್ಟಂಪು, ಗೇಟಿನ ಬಳಿ ರಾಶಿ ಬಿದ್ದ ಚಪ್ಪಲಿ, ವೈರಿಗೆ ಸಿಕ್ಕಿಕೊಂಡ ಗಾಳಿಪಟ, ಬುಗುರಿಗೆ ಚಾಟಿ ಸುತ್ತುವ ಕೈ. ಕಣ್ಣು ಪಳಗುತ್ತದೆ, ಯಾರಿಗೂ ತೊಂದರೆ ಇಲ್ಲ. ಇದನ್ನು ಮಕ್ಕಳೂ ಗಮನಿಸುತ್ತಾರೆ. ‘ಅಂಕಲ್, ಅಲ್ಲಿ ಇನ್ನೊಂದಿದೆ ಬನ್ನಿ’ ಅಂತ ಅವರೇ ಕರೆದುಕೊಂಡು ಹೋಗುತ್ತಾರೆ. ಮಾರ್ಥಾ ಕೂಪರ್ ಅನ್ನುವ ಫೋಟೋಗ್ರಾಫರ್‌ಗೆ ಆದದ್ದು ಹೀಗೇ. 1970ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯಲ್ಲಿದ್ದರು. ಪಾಳು ಬಿದ್ದಂತಿದ್ದ ಆಲ್ಫಾಬೆಟ್ ಸಿಟಿ ಎಂಬ ನ್ಯೂಯಾರ್ಕಿನ ಬಡಾವಣೆಯ ಬೀದಿಗಳಲ್ಲಿ ಮಕ್ಕಳು ಗುಜರಿ ಸಾಮಾನಿನಿಂದ ಗಾಡಿ, ಆಟಿಕೆ ಮಾಡಿಕೊಳ್ಳುವುದನ್ನು ತೆಗೆಯುತ್ತಿದ್ದರು. ಒಬ್ಬ ಹುಡುಗ ತನ್ನ ನೋಟ್‌ಬುಕ್ ತೆಗೆದು, ಗೋಡೆಯ ಮೇಲೆ ಬರೆಯಲು ತಯಾರು ಮಾಡಿಕೊಂಡಿದ್ದ ಅಕ್ಷರದ ವಿನ್ಯಾಸ ತೋರಿಸಿದ. ಅವನೇ ಅವರನ್ನು ದೊಡ್ಡ ಗ್ರಾಫಿಟಿ ಕಲಾವಿದನೊಬ್ಬನ ಬಳಿ ಕರೆದೊಯ್ದ. ಸಬ್‌ವೇ ರೈಲುಗಳ ಮೇಲಿನ ಗ್ರಾಫಿಟಿಯ ಬಗ್ಗೆ 1984ರಲ್ಲಿ ಜಗತ್ತಿಗೆಲ್ಲ ಗೊತ್ತಾದ ಪುಸ್ತಕಕ್ಕೆ ದಾರಿ ತೆರೆದದ್ದು ಆ ಹುಡುಗ. ಕೂಪರ್ ಅವನ ಮುಖವನ್ನಷ್ಟೇ ತೆಗೆದುಕೊಂಡು ಹೋಗಿದ್ದರೆ ನೋಟ್‌ಬುಕ್ ಚೀಲದಲ್ಲೇ ಉಳಿಯುತ್ತಿತ್ತು.

ಕೊನೆಗೆ ನಿಮ್ಮ ಲೆನ್ಸು. 70-200 ಬೇಡ. ಅಷ್ಟು ದಪ್ಪ ಬಿಳಿ ಲೆನ್ಸನ್ನು ಬೀದಿಯ ಆ ತುದಿಯಿಂದ ಮಕ್ಕಳ ಕಡೆ ಗುರಿ ಇಟ್ಟರೆ ಆಂಟಿ ಈ ಸಲ ಗದರುವುದಿಲ್ಲ, ಪೊಲೀಸರಿಗೇ ಫೋನ್ ಮಾಡುತ್ತಾರೆ. ಮೇಲಾಗಿ ದೂರದಿಂದ ತೆಗೆದರೆ ಹಿನ್ನೆಲೆ ಮಸುಕಾಗಿ ಬೀದಿಯೇ ಮಾಯವಾಗುತ್ತದೆ. ನಿಮ್ಮ ಹತ್ತಿರ ಇರುವ 35 ಎಂಎಂ ಸಾಕು, ಫೋನ್ ಆದರೂ ನಡೆಯುತ್ತದೆ. ಓಡುವ ಮಕ್ಕಳಿಗೆ ಶಟರ್ ಸೆಕೆಂಡಿನ ಐನೂರರಲ್ಲಿ ಒಂದು ಭಾಗಕ್ಕೆ ಇಡಿ. ಬೆಳಕಿದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 8, ಫೋಕಸ್ ಎರಡೂವರೆ ಮೀಟರಿಗೆ ಕಟ್ಟಿಹಾಕಿ, ಆಮೇಲೆ ಅದನ್ನು ಮುಟ್ಟಲೇಬೇಡಿ. ಲೆನ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಸ್ಟುಡಿಯೊದಲ್ಲಿ ನಾಲ್ಕು-ಆರು ಇಂಚಿನ ಪ್ರಿಂಟ್ ಹಾಕಿಸಿ. ಮುಂದಿನ ಶನಿವಾರ ಆ ಬೀದಿಗೆ ಹೋಗಿ ಮಕ್ಕಳ ಮನೆಗಳಿಗೆ ಕೊಡಿ. ಮೊದಲ ಪ್ರಿಂಟ್ ಆ ಆಂಟಿಗೆ. ಅವರ ಮನೆಯ ಹುಡುಗನೂ ಆ ಗುಂಪಿನಲ್ಲಿ ಇದ್ದೇ ಇರುತ್ತಾನೆ.